ಹಳೆ ಪಿಕಪ್ ಗಾಡಿಯ ಎಸಿ ತಂಪಾಗ್ತಿಲ್ವಾ? ಗ್ಯಾಸ್ ಹಾಕಿಸುವ ಮೊದಲು ಇವನ್ನು ನೋಡಿ

ಕಲಬುರಗಿಯ ಬಿಸಿಲು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಮಧ್ಯಾಹ್ನ ಪಾರಾ 42 ಡಿಗ್ರಿ ಮುಟ್ಟಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆ ಹೊತ್ತಿನಲ್ಲಿ ಗಂಜಿನಲ್ಲಿ (ಕಾಳಿನ ಮಾರುಕಟ್ಟೆಯಲ್ಲಿ) ಬಿಸಿಲಿಗೆ ನಿಂತ ಪಿಕಪ್‌ನ ಬಾಗಿಲು ತೆಗೆದರೆ ಒಲೆಯ ಝಳ ಮುಖಕ್ಕೆ ಬಡಿದ ಹಾಗಾಗುತ್ತದೆ.

ನನ್ನದು 2011ರ ಡಬಲ್ ಕ್ಯಾಬಿನ್ ಪಿಕಪ್. ಹಿಂದೆ ತೊಗರಿ ಚೀಲ, ಮುಂದೆ ಮನೆ ಮಂದಿ. ಒಂದು ಬೇಸಿಗೆಯಲ್ಲಿ ಮೂರು ಸಲ ಗ್ಯಾಸ್ ಹಾಕಿಸಿದೆ. ಪ್ರತಿ ಸಲವೂ ಹದಿನೈದು ದಿನ ತಂಪು, ಆಮೇಲೆ ಮತ್ತೆ ಬಿಸಿ ಗಾಳಿ. ಮೂರನೇ ಸಲ ಅದು ಕೈಕೊಟ್ಟಿದ್ದು ಅವ್ವನ ಕಣ್ಣಿನ ಆಪರೇಷನ್ ಮುಗಿಸಿ ಚಿಂಚೋಳಿಗೆ ಕರೆದುಕೊಂಡು ಹೋಗುವ ದಿನ. ಅವಳ ಕಣ್ಣಿಗೆ ಪಟ್ಟಿ. ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ಉಸಿರುಗಟ್ಟುವ ಸೆಕೆ. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು.

ಮರುದಿನ ಪರಿಚಯದವರೊಬ್ಬರು ಹೇಳಿದ ಹಳೆ ಮೆಕ್ಯಾನಿಕ್ ಚಾಚಾ ಹತ್ತಿರ ಹೋದೆ. "ಚಾಚಾ, ಗ್ಯಾಸ್ ಮತ್ತ ಖಾಲಿ ಆಗ್ಯದ ನೋಡ್ರಿ" ಅಂದೆ. ಅವರು ಬಾನೆಟ್ ಎತ್ತುತ್ತಲೇ, "ಅಣ್ಣಾ, ಗ್ಯಾಸ್ ಏನು ಡೀಸೆಲ್ ಇದ್ದಂಗ ಅಲ್ರಿ, ಉರಿದು ಖರ್ಚಾಗಂಗಿಲ್ಲ. ಕಡಿಮಿ ಆಗ್ಯದ ಅಂದ್ರ ಎಲ್ಲೋ ಸೋರಲಾಕತ್ತದ" ಅಂದರು. ಗ್ಯಾಸ್ ತುಂಬುವ ವಾಲ್ವ್‌ಗೆ ಮುಚ್ಚಳವೇ ಇರಲಿಲ್ಲ. ಒಳಗಿನ ಪಿನ್ ಸುತ್ತ ಎಣ್ಣೆ ಒಸರಿ, ಅದರ ಮೇಲೆ ಎರೆಮಣ್ಣಿನ ಧೂಳು ಅಂಟಿ ಕರ್ರಗಾಗಿತ್ತು. ಚಾಚಾ ಬಟ್ಟೆಯಿಂದ ಒರೆಸಿ ಒಂದು ಹನಿ ಸೋಪಿನ ನೀರು ಬಿಟ್ಟರು. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಒಡೆಯಿತು. ಮತ್ತೊಂದು ಎದ್ದಿತು. ಮೂರು ಸಲದ ಗ್ಯಾಸ್ ಅಲ್ಲಿಂದಲೇ ಹೋಗಿತ್ತು. ಒಂದು ಚಿಕ್ಕ ಪಿನ್, ಒಂದು ಮುಚ್ಚಳ, ಅಷ್ಟೇ ಬೇಕಾಗಿದ್ದು.

ಆಮೇಲಿನಿಂದ ಅವರ ಹತ್ತಿರ ಕೇಳಿ ಕೇಳಿ, ನಾನೇ ನೋಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಸರ್ಕಾರ ಎಸಿ ಕಡ್ಡಾಯ ಮಾಡಿದೆ. ಒಟ್ಟು ತೂಕ 3.5 ಟನ್ ಒಳಗಿರುವ ಪಿಕಪ್‌ಗಳು ಆ ನಿಯಮಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ಹಳೆ ಗಾಡಿಯಲ್ಲಿ ಇರುವ ಎಸಿಯನ್ನು ನಾವೇ ಜೋಪಾನ ಮಾಡಿಕೊಳ್ಳಬೇಕು.

ಎಸಿ ಒಳಗೆ ನಡೆಯುವುದೇನು?

ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ, ಅದು ಬಿಸಿಯಾಗುತ್ತದೆ. ಗಾಡಿಯ ಮೂತಿಯಲ್ಲಿರುವ ಕಂಡೆನ್ಸರ್ ಜಾಲಿಯಲ್ಲಿ ಹಾಯುವಾಗ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ಅದರಲ್ಲಿನ ನೀರಿನಂಶ ಹೀರುತ್ತದೆ. ಆಮೇಲೆ ಎಕ್ಸ್‌ಪಾನ್ಷನ್ ವಾಲ್ವ್‌ನ ಸಣ್ಣ ತೂತಿನಿಂದ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ಗೆ ನುಗ್ಗುತ್ತದೆ. ಒತ್ತಡ ಇಳಿದು ಕಾಯಿಲ್ ತಣ್ಣಗಾಗುತ್ತದೆ. ಬ್ಲೋವರ್ ಆ ತಂಪನ್ನು ನಮ್ಮ ಕಡೆ ತಳ್ಳುತ್ತದೆ. ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಹೊರಗೆ ಹಾಕುವ ಬಾಗಿಲು ಕಂಡೆನ್ಸರ್. ನಮ್ಮ ಭಾಗದಲ್ಲಿ ಜಾಸ್ತಿ ಕಟ್ಟಿಕೊಳ್ಳುವುದೂ ಅದೇ ಬಾಗಿಲು.

ಗಾಳಿ ಬರುತ್ತಿದೆಯಾ?

ಮೊದಲು ಒಂದು ಚಿಕ್ಕ ಥರ್ಮಾಮೀಟರ್ ತೆಗೆದುಕೊಂಡು ನಡುವಿನ ಗಾಳಿ ಕಿಂಡಿಗೆ ಸಿಗಿಸಿ. ಕೈ ಹಿಡಿದು ನೋಡಿದರೆ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ಅನ್ನಿಸುತ್ತದೆ. ಹೊರಗೆ 40 ಇದ್ದಾಗ, ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ಇಟ್ಟು, ಹದಿನೈದು ನಿಮಿಷ ಓಡಿಸಿದ ಮೇಲೆ ಕಿಂಡಿಯಲ್ಲಿ 10ರಿಂದ 15 ಡಿಗ್ರಿ ಬಂದರೆ ಹಳೆ ಗಾಡಿಗೆ ಒಳ್ಳೆಯದೇ.

ಗಾಳಿಯೇ ಕಡಿಮೆ ಅಂದರೆ ತೊಂದರೆ ಗ್ಯಾಸಿನದಲ್ಲ. ಬ್ಲೋವರ್ ಜೋರಿನ ನಂಬರಿನಲ್ಲಿ ಮಾತ್ರ ತಿರುಗಿ ಉಳಿದವುಗಳಲ್ಲಿ ಸುಮ್ಮನಿದ್ದರೆ ಅದರ ವೇಗ ಬದಲಿಸುವ ರೆಸಿಸ್ಟರ್ ಸುಟ್ಟಿರುತ್ತದೆ. ಯಾವುದರಲ್ಲೂ ತಿರುಗದಿದ್ದರೆ ಫ್ಯೂಸ್, ರಿಲೇ (ಕರೆಂಟ್ ಹಾಯಿಸುವ ಚಿಕ್ಕ ಸ್ವಿಚ್ ಡಬ್ಬಿ), ಮೋಟಾರ್ ನೋಡಿ. ಫ್ಯೂಸ್ ಹಾರಿದ್ದರೆ ಅಷ್ಟೇ ಆಂಪಿಯರಿನದ್ದನ್ನೇ ಹಾಕಿ. ತಂತಿ ಸುತ್ತಿ ಕೂರಿಸಬೇಡಿ, ವೈರಿಂಗ್ ಹೊತ್ತಿಕೊಂಡರೆ ಗಾಡಿಯೇ ಹೋಗುತ್ತದೆ.

ಬ್ಲೋವರ್ ಸದ್ದು ಜೋರಾಗಿದ್ದು ಗಾಳಿ ಮಾತ್ರ ಸಣ್ಣಗಿದ್ದರೆ ಕೂಲಿಂಗ್ ಕಾಯಿಲ್ ಧೂಳಿನಿಂದ ಮುಚ್ಚಿದೆ ಎಂದೇ ಅನುಮಾನಿಸಿ. ಬಹಳಷ್ಟು ಹಳೆ ಪಿಕಪ್‌ಗಳಲ್ಲಿ ಗಾಳಿಗೆ ಫಿಲ್ಟರೇ ಇರುವುದಿಲ್ಲ. ನಾವು ಹೊಲದ ದಾರಿಯಲ್ಲಿ ಓಡಾಡಿದ್ದೆಲ್ಲ ಆ ಕಾಯಿಲ್ ಮೇಲೆ ಕೂತಿರುತ್ತದೆ. ಅದನ್ನು ಬಿಚ್ಚಿ ತೊಳೆಯುವುದು ಮೆಕ್ಯಾನಿಕ್ ಕೆಲಸ.

ಇನ್ನೊಂದು ಲಕ್ಷಣವಿದೆ. ಹೊರಟಾಗ ಚೆನ್ನಾಗಿರುತ್ತದೆ, ಅರ್ಧ ತಾಸಿನ ಮೇಲೆ ಗಾಳಿ ಕ್ಷೀಣವಾಗುತ್ತದೆ. ಆಗ ಎಸಿ ಬಟನ್ ಆಫ್ ಮಾಡಿ, ಬ್ಲೋವರ್ ಮಾತ್ರ ಹತ್ತು ನಿಮಿಷ ಇಡಿ. ಗಾಡಿ ಕೆಳಗೆ ನೀರು ಧಾರಾಳವಾಗಿ ಸುರಿದು ಗಾಳಿ ಮತ್ತೆ ಜೋರಾದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ ಎಂದರ್ಥ. ಕಾಯಿಲ್ ಅತಿ ತಣ್ಣಗಾದರೆ ಕಂಪ್ರೆಸರ್ ನಿಲ್ಲಿಸುವ ಥರ್ಮೋಸ್ಟಾಟ್ ಕೆಟ್ಟಿರಬಹುದು, ಅದರ ತಂತಿ ಜಾಗ ಬಿಟ್ಟು ಸರಿದಿರಬಹುದು, ಕಾಯಿಲ್ ಕೊಳೆಯಾಗಿರಬಹುದು, ಗ್ಯಾಸ್ ಸ್ವಲ್ಪ ಕಡಿಮೆ ಇದ್ದರೂ ಹೀಗಾಗುತ್ತದೆ.

ಕ್ಲಚ್ ಹಿಡಿಯುತ್ತಿದೆಯಾ?

ಇದು ಗೇರ್ ಹಾಕುವಾಗ ತುಳಿಯುವ ಕ್ಲಚ್ ಅಲ್ಲ, ಎಂಜಿನ್ ಬೆಲ್ಟಿಗೆ ಕಂಪ್ರೆಸರನ್ನು ಜೋಡಿಸುವ ಕ್ಲಚ್. ಎಂಜಿನ್ ಚಾಲೂ ಇಟ್ಟು ಇನ್ನೊಬ್ಬರಿಗೆ ಎಸಿ ಬಟನ್ ಒತ್ತಲು ಹೇಳಿ. ನೀವು ಬಾನೆಟ್ ಮುಂದೆ ನಿಂತು ಕೇಳಿ. ಟಕ್ ಅಂತ ಸದ್ದು ಬಂದು ಕಂಪ್ರೆಸರ್ ಪುಲ್ಲಿಯ ಮುಂದಿನ ತಟ್ಟೆ ತಿರುಗಬೇಕು, ಎಂಜಿನ್ ಸದ್ದು ಕೊಂಚ ಬದಲಾಗಬೇಕು. ಲುಂಗಿ, ಟವೆಲ್, ಸಡಿಲ ತೋಳು ಬೆಲ್ಟ್ ಹತ್ತಿರ ಸುಳಿಯದಿರಲಿ.

ಟಕ್ ಬರಲಿಲ್ಲ ಅಂದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಅದೇ ನಂಬರಿನ ರಿಲೇ ಹಾರ್ನ್‌ಗೋ ಬೇರೆಯದಕ್ಕೋ ಇದ್ದರೆ ಅದಲು ಬದಲು ಮಾಡಿ ನೋಡಿ. ಅಷ್ಟಕ್ಕೂ ಆಗದಿದ್ದರೆ ಕ್ಲಚ್ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಲ್ಯಾಂಪ್ ಚೆನ್ನಾಗಿ ಉರಿದೂ ಕ್ಲಚ್ ಹಿಡಿಯದಿದ್ದರೆ ಕ್ಲಚ್ ಒಳಗಿನ ಕರೆಂಟ್ ಕಾಯಿಲ್ ಸುಟ್ಟಿದೆ, ಇಲ್ಲವೇ ತಟ್ಟೆ ಸವೆದು ಸಂದು ಜಾಸ್ತಿಯಾಗಿದೆ. ಈ ಸಂದು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ಇರಬೇಕು. ಸವೆದ ಕ್ಲಚ್ ಬೆಳಿಗ್ಗೆ ಹಿಡಿಯುತ್ತದೆ, ಮಧ್ಯಾಹ್ನ ಎಂಜಿನ್ ಕಾದ ಮೇಲೆ ಬಿಡುತ್ತದೆ. ಎಷ್ಟೋ ಸಲ ಇದಕ್ಕೂ ಗ್ಯಾಸ್ ಕಡಿಮೆ ಅಂತಲೇ ಬಿಲ್ ಆಗುತ್ತದೆ. ಕ್ಲಚ್ ಮಾತ್ರ ಬದಲಿಸಿದರೆ ಸಾಕಾಗುವ ಕಡೆ ಇಡೀ ಕಂಪ್ರೆಸರ್ ಬದಲಿಸಲು ಒಪ್ಪಬೇಡಿ.

ಲ್ಯಾಂಪ್ ಉರಿಯಲೇ ಇಲ್ಲ ಅಂದರೆ ಪ್ರೆಷರ್ ಸ್ವಿಚ್ ಕರೆಂಟ್ ತಡೆದಿರಬಹುದು. ಗ್ಯಾಸ್ ಒತ್ತಡ ತೀರಾ ಇಳಿದರೆ ಅದು ಕಂಪ್ರೆಸರನ್ನು ನಿಲ್ಲಿಸುತ್ತದೆ, ತೀರಾ ಏರಿದರೂ ನಿಲ್ಲಿಸುತ್ತದೆ. ಅದನ್ನು ವೈರ್ ಹಾಕಿ ನೇರ ಮಾಡಿಕೊಂಡು ಓಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗ್ಯಾಸಿನ ಜೊತೆ ಎಣ್ಣೆಯೂ ಹರಿದು ಬಂದು ಕಂಪ್ರೆಸರನ್ನು ಕಾಯುತ್ತದೆ. ಗ್ಯಾಸ್ ಇಲ್ಲದೆ ತಿರುಗಿಸಿದರೆ ಎಣ್ಣೆ ಬಾರದೆ ಅದು ಜಾಮ್ ಆಗುತ್ತದೆ.

ಕಂಡೆನ್ಸರ್: ನಮ್ಮ ಜಿಲ್ಲೆಯ ದೊಡ್ಡ ಕಾಯಿಲೆ

ಓಡುವಾಗ ತಂಪು, ರೈಲ್ವೆ ಗೇಟಿನಲ್ಲೋ ಸಿಗ್ನಲ್‌ನಲ್ಲೋ ನಿಂತಾಗ ಬಿಸಿ. ನಿಮ್ಮ ಗಾಡಿ ಹೀಗೆ ಮಾಡುತ್ತಿದ್ದರೆ ನೇರ ಇಲ್ಲಿಗೇ ಬನ್ನಿ.

ಸೇಡಂ, ಮಳಖೇಡ, ವಾಡಿ ಕಡೆ ಓಡುವ ಗಾಡಿಗಳಿಗೆ ಸಿಮೆಂಟ್ ಧೂಳು. ಶಹಾಬಾದ್ ಕಡೆ ಕಲ್ಲಿನ ಪುಡಿ. ಹೊಲಕ್ಕೆ ಹೋಗುವ ಗಾಡಿಗೆ ಎರೆಮಣ್ಣು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾದರೆ ಹೊಟ್ಟು, ಒಣ ಎಲೆ, ದೂದಿ ಎಲ್ಲ ಸೇರಿ ಜಾಲಿಯ ಮೇಲೆ ಕಂಬಳಿ ಹೊದಿಸಿದಂತೆ ಕೂರುತ್ತದೆ. ಆದರೂ ಎಷ್ಟೋ ಸಲ ಮುಂದಿನಿಂದ ನೋಡಿದರೆ ಕಂಡೆನ್ಸರ್ ಶುಭ್ರವಾಗಿಯೇ ಕಾಣುತ್ತದೆ. ಕಸ ಇರುವುದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿನಲ್ಲಿ. ಮುಸ್ಸಂಜೆ ಹೊತ್ತಿಗೆ ಆ ಸಂದಿಗೆ ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ, ಗೊತ್ತಾಗುತ್ತದೆ.

ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಇಡಿ, ಎಸಿ ಹಾಕಿ, ಥರ್ಮಾಮೀಟರ್ ಎಷ್ಟಿದೆ ಬರೆದುಕೊಳ್ಳಿ. ಈಗ ಒಂದು ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಕಂಡೆನ್ಸರ್ ಮೇಲೆ ಮುಂದಿನಿಂದ ನಿಧಾನಕ್ಕೆ ನೀರು ಚಿಮುಕಿಸಿ. ಫ್ಯಾನ್ ಮೋಟಾರಿಗೆ ತಾಗದಿರಲಿ. ಎರಡು ನಿಮಿಷದಲ್ಲಿ ಕಿಂಡಿಯ ಗಾಳಿ ನಾಲ್ಕೈದು ಡಿಗ್ರಿ ಇಳಿದರೆ, ಕಂಡೆನ್ಸರ್ ಬಿಸಿ ಬಿಡಲಾಗದೆ ಒದ್ದಾಡುತ್ತಿದೆ ಎಂದು ತಿಳಿಯಿರಿ. ಕಸ, ಫ್ಯಾನ್, ಇಲ್ಲವೇ ಯಾರೋ ಅಂದಾಜಿನ ಮೇಲೆ ಜಾಸ್ತಿ ತುಂಬಿದ ಗ್ಯಾಸ್, ಇವುಗಳಲ್ಲಿ ಒಂದು ಕಾರಣ.

ತೊಳೆಯುವುದಕ್ಕೂ ಒಂದು ಕ್ರಮ ಇದೆ. ಎಂಜಿನ್ ಪೂರ್ತಿ ಆರಿರಲಿ. ಸಿಮೆಂಟ್ ಧೂಳು ಇದ್ದರೆ ನೀರು ಮುಟ್ಟಿಸುವ ಮೊದಲೇ ಗಾಳಿ ಪೈಪಿನಿಂದ, ಕಡಿಮೆ ಒತ್ತಡದಲ್ಲಿ, ಎಂಜಿನ್ ಕಡೆಯಿಂದ ಹೊರಕ್ಕೆ ಊದಿಸಿ. ಸಿಮೆಂಟಿಗೆ ನೀರು ಬಿದ್ದರೆ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕಾ? ಜಾಲಿಯೊಳಗೇ ಗಟ್ಟಿಯಾಗಿ ಕೂತರೆ ಮತ್ತೆ ಬಿಡುವುದಿಲ್ಲ. ಒಣ ಧೂಳು ಹೋದ ಮೇಲೆ ಮನೆಯ ಸಾದಾ ನೀರಿನ ಪೈಪ್ ಹಿಡಿದು, ಅದೇ ದಿಕ್ಕಿನಲ್ಲಿ, ತಿಳಿ ನೀರು ಇಳಿಯುವ ತನಕ ತೊಳೆಯಿರಿ. ಮೆತ್ತನೆ ಬ್ರಷ್‌ನಿಂದ ತಗಡಿನ ಎಳೆ ಇರುವ ದಿಕ್ಕಿನಲ್ಲೇ ಉಜ್ಜಿ. ವಾಟರ್ ಸರ್ವಿಸ್‌ನವರ ಪ್ರೆಷರ್ ಗನ್ ಹತ್ತಿರ ಹಿಡಿದರೆ ಆ ತೆಳು ತಗಡುಗಳು ಮಡಚಿ ಮಲಗುತ್ತವೆ. ಆಮೇಲೆ ಗಾಳಿ ಹಾಯಲು ದಾರಿಯೇ ಇರುವುದಿಲ್ಲ.

ಕಂಡೆನ್ಸರ್ ಮುಂದೆ ಏನೇನು ಕಟ್ಟಿದ್ದೀರಿ ಅದನ್ನೂ ನೋಡಿ. ದೊಡ್ಡ ಗಾರ್ಡ್, ಹೆಚ್ಚಿನ ಲೈಟ್, ಹೆಸರಿನ ಬೋರ್ಡ್, ಕಸ ತಡೆಯಲು ಕಟ್ಟಿದ ಸೊಳ್ಳೆ ಜಾಲಿ, ಎಲ್ಲವೂ ಗಾಳಿಯನ್ನು ತಡೆಯುತ್ತವೆ. ಕಂಡೆನ್ಸರ್, ರೇಡಿಯೇಟರ್ ಅಂಚಿನ ರಬ್ಬರ್ ಪಟ್ಟಿ, ಸ್ಪಂಜು ಹರಿದು ಹೋಗಿದ್ದರೆ ಎಂಜಿನ್‌ನ ಬಿಸಿ ಗಾಳಿಯೇ ತಿರುಗಿ ಮುಂದಕ್ಕೆ ಬರುತ್ತದೆ. ನಾನು ಅಲ್ಲಿ ಎಂಜಿನ್ ಬಿಸಿ ತಡೆಯುವ ಸ್ಪಂಜಿನ ಪಟ್ಟಿ ಅಂಟಿಸಿದ ಮೇಲೆ ನಿಂತಾಗಿನ ತಂಪಿನಲ್ಲಿ ವ್ಯತ್ಯಾಸ ಕಂಡೆ.

ಫ್ಯಾನ್ ವಿಷಯ. ಕರೆಂಟ್ ಫ್ಯಾನ್ ಇರುವ ಗಾಡಿಯಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಅದು ತಿರುಗಬೇಕು. ಎಂಜಿನ್‌ಗೇ ಕೂರಿಸಿದ ವಿಸ್ಕಸ್ ಫ್ಯಾನ್ ಇದ್ದರೆ, ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ತಣ್ಣಗಾದ ಮೇಲೆ ಕೈಯಿಂದ ತಿರುಗಿಸಿ. ಸ್ವಲ್ಪ ಬಿಗಿ ಇರಬೇಕು. ಗಿರಗಿಟ್ಲೆಯಂತೆ ಸುಮ್ನೆ ಸುತ್ತುತ್ತಲೇ ಇದ್ದರೆ ಅದರ ಕಪ್ಲಿಂಗ್ ಹೋಗಿದೆ. ಹೀಗಾದಾಗ ಎಸಿ ಜೊತೆ ಎಂಜಿನ್‌ನ ಬಿಸಿ ಮುಳ್ಳೂ ಏರುತ್ತದೆ.

ಸೋರಿಕೆ ಹುಡುಕಿ, ಆಮೇಲೆ ಗ್ಯಾಸ್

ಮೇಲಿನದೆಲ್ಲ ಸರಿ ಇದ್ದೂ ತಂಪಿಲ್ಲ ಅಂದರೆ ಮಾತ್ರ ಗ್ಯಾಸ್ ಕಡೆ ಬನ್ನಿ. ಗ್ಯಾಸ್ ಹೋದ ಕಡೆ ಎಣ್ಣೆಯೂ ಒಸರುತ್ತದೆ, ಎಣ್ಣೆ ಇದ್ದ ಕಡೆ ಧೂಳು ಅಂಟುತ್ತದೆ. ಧೂಳಿನ ಊರಿನಲ್ಲಿ ಇದೊಂದು ಅನುಕೂಲ. ಟಾರ್ಚ್ ಹಿಡಿದು ಇಷ್ಟು ಕಡೆ ನೋಡಿ: ಗ್ಯಾಸ್ ತುಂಬುವ ಎರಡೂ ವಾಲ್ವ್, ಪೈಪುಗಳ ಜೋಡಣೆ, ಕಲ್ಲು ಬಡಿಯುವ ಕಂಡೆನ್ಸರ್‌ನ ಕೆಳ ಅಂಚು, ಚಾಸಿಗೆ ಉಜ್ಜುವ ಪೈಪ್, ಕಂಪ್ರೆಸರ್ ಮೂತಿ. ಒದ್ದೆ ಕರಿ ಕಲೆ ಕಂಡರೆ ಸೋಪಿನ ನೀರು ಬಿಡಿ. ತೀರಾ ಸಣ್ಣ ಸೋರಿಕೆ ಗುಳ್ಳೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಮೆಕ್ಯಾನಿಕ್ ಒಣ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತಾ ನೋಡುತ್ತಾರೆ, ಇಲ್ಲವೇ ಹೊಳೆಯುವ ಬಣ್ಣ ಬಿಟ್ಟು ಹುಡುಕುತ್ತಾರೆ. ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲ್ ಸೋರುತ್ತಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಪತ್ತೆಯಾಗಲು ತಡವಾಗುತ್ತದೆ, ತಾಳ್ಮೆ ಬೇಕು.

ಮೆಕ್ಯಾನಿಕ್ ಒತ್ತಡ ಅಳೆಯುವ ಗೇಜ್ ಹಾಕಿದಾಗ ನೀವೂ ಪಕ್ಕದಲ್ಲಿ ನಿಲ್ಲಿ. ಹೊರಗೆ 35 ಡಿಗ್ರಿ ಇದ್ದು ಎಂಜಿನ್ ಆರಿದ್ದರೆ ಎರಡೂ ಗೇಜು ಸಮನಾಗಿ 115 ಪಿಎಸ್‌ಐ (ಒತ್ತಡದ ಅಳತೆ) ಸುತ್ತಮುತ್ತ ತೋರಿಸಬೇಕು. ಅದಕ್ಕಿಂತ ಬಹಳ ಕೆಳಗಿದ್ದರೆ ಗ್ಯಾಸ್ ಹೆಚ್ಚುಕಡಿಮೆ ಖಾಲಿ. ಅಷ್ಟೇ ಇದ್ದರೆ ಗ್ಯಾಸ್ ಪೂರ್ತಿ ಇದೆ ಎಂದರ್ಥವಲ್ಲ, ಸ್ವಲ್ಪ ದ್ರವ ಉಳಿದಿದ್ದರೂ ಮುಳ್ಳು ಅಲ್ಲಿಗೇ ಬಂದು ನಿಲ್ಲುತ್ತದೆ. ನಿಜ ಗೊತ್ತಾಗುವುದು ಎಂಜಿನ್ ಓಡುವಾಗ. ಆಗ ಕಡಿಮೆ ಒತ್ತಡದ ಕಡೆಯ ನೀಲಿ ಗೇಜ್ 25ರಿಂದ 45, ಹೆಚ್ಚು ಒತ್ತಡದ ಕಡೆಯ ಕೆಂಪು ಗೇಜ್ ನಮ್ಮ ಬೇಸಿಗೆಯಲ್ಲಿ 220ರಿಂದ 300ರೊಳಗೆ ಇದ್ದರೆ ಚಿಂತೆಯಿಲ್ಲ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಇದ್ದರೆ ಕಂಡೆನ್ಸರ್ ಕಟ್ಟಿದೆ, ಇಲ್ಲವೇ ಗ್ಯಾಸ್ ಜಾಸ್ತಿಯಾಗಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ನೀಲಿ ಸೊನ್ನೆಯ ಹತ್ತಿರ ಬಿದ್ದರೆ ಎಕ್ಸ್‌ಪಾನ್ಷನ್ ವಾಲ್ವ್ ಅಥವಾ ಡ್ರೈಯರ್ ಕಟ್ಟಿಕೊಂಡಿದೆ. ನೀಲಿ ಏರಿ ಕೆಂಪು ಇಳಿದು ಎರಡೂ ಹತ್ತಿರ ಹತ್ತಿರ ಬಂದರೆ ಕಂಪ್ರೆಸರ್ ಒತ್ತುವ ಶಕ್ತಿ ಕಳೆದುಕೊಂಡಿದೆ.

ಗ್ಯಾಸ್ ತುಂಬಿಸುವಾಗ ಮೂರು ಮಾತು ಕೇಳಿ. ವ್ಯಾಕ್ಯೂಮ್ (ಪಂಪಿನಿಂದ ಒಳಗಿನ ಗಾಳಿ, ನೀರಿನಂಶ ಎಳೆದು ತೆಗೆಯುವುದು) ಎಷ್ಟು ಹೊತ್ತು ಹಾಕ್ತೀರಿ? ಅರ್ಧ ತಾಸಾದರೂ ಬೇಕು. ಪಂಪ್ ನಿಲ್ಲಿಸಿ ಹದಿನೈದು ನಿಮಿಷ ಮುಳ್ಳು ಕದಲುತ್ತಾ ನೋಡಬೇಕು. ಒಳಗೆ ನೀರಿನಂಶ ಉಳಿದರೆ ಅದು ವಾಲ್ವ್‌ನಲ್ಲಿ ಮಂಜಾಗಿ ಕಟ್ಟಿ, ತಂಪು ಬಂದು ಹೋಗಿ ಮಾಡುತ್ತದೆ. ಎರಡನೆಯದು, ಎಷ್ಟು ಗ್ರಾಂ? ಬಾನೆಟ್ ಕೆಳಗಿನ ಚೀಟಿಯಲ್ಲಿ ಗ್ಯಾಸಿನ ಹೆಸರೂ ತೂಕವೂ ಇರುತ್ತದೆ. ನಮ್ಮ ಕಾಲದ ಗಾಡಿಗಳಿಗೆ ಅದು ಆರ್-134ಎ. ತೂಕದ ಮೇಲೆ ತುಂಬಿಸಿ, ಗೇಜಿನ ಅಂದಾಜಿನ ಮೇಲಲ್ಲ. ಮೂರನೆಯದು, ಎಣ್ಣೆ ಎಷ್ಟು ಹಾಕಿದಿರಿ? ಪೈಪ್ ಬಿಚ್ಚಿದಾಗ, ಭಾಗ ಬದಲಿಸಿದಾಗ ಎಣ್ಣೆ ಹೋಗಿರುತ್ತದೆ. ಲೈನ್ ಬಿಚ್ಚಿದ್ದರೆ ಡ್ರೈಯರೂ ಹೊಸದೇ ಆಗಬೇಕು. ಇದನ್ನು ಉಳಿಸಲು ಹೋಗಿ ಕಂಪ್ರೆಸರ್ ಕಳೆದುಕೊಂಡವರನ್ನು ನೋಡಿದ್ದೇನೆ.

ಪೈಪಿನ ಜೋಡಣೆಯನ್ನು ಮನೆಯಲ್ಲಿ ನೀವೇ ಸಡಿಲಿಸಬೇಡಿ. ಆರ್-134ಎ ಹೊರಗೆ ಬಂದ ಕ್ಷಣ ಮೈನಸ್ 26 ಡಿಗ್ರಿಗೆ ಇಳಿಯುತ್ತದೆ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಭೂಮಿಯನ್ನು ಬಿಸಿ ಮಾಡುವುದರಲ್ಲೂ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು, ಸುಮ್ನೆ ಗಾಳಿಗೆ ಬಿಡುವ ವಸ್ತುವಲ್ಲ. ಅಡುಗೆ ಗ್ಯಾಸ್ ತುಂಬಿಸಿದರೆ ಅಗ್ಗ ಅಂತ ಯಾರಾದರೂ ಹೇಳಿದರೆ ಗಾಡಿ ತಿರುಗಿಸಿಕೊಂಡು ಬನ್ನಿ. ಡಿಕ್ಕಿಯಾಗಿ ಪೈಪ್ ಒಡೆದರೆ ಕ್ಯಾಬಿನ್ ಒಳಗೆ ನಿಮ್ಮ ಮಕ್ಕಳು ಕೂತಿರುತ್ತಾರೆ.

ಎಸಿ ಸರಿ ಇದ್ದೂ ಬಿಸಿ ಅನ್ನಿಸಿದರೆ

ಹಳೆ ಗಾಡಿಗಳಲ್ಲಿ ಹೀಟರ್‌ಗೆ ಬಿಸಿ ನೀರು ಬಿಡುವ ಒಂದು ಟ್ಯಾಪ್ ಇರುತ್ತದೆ. ಅದರ ಕೇಬಲ್ ಹಿಡಿದುಕೊಂಡು ಟ್ಯಾಪ್ ಅರ್ಧ ತೆರೆದೇ ಉಳಿಯುತ್ತದೆ. ಒಂದು ಕಡೆ ಕಾಯಿಲ್ ತಂಪು ಮಾಡುತ್ತದೆ, ಪಕ್ಕದಲ್ಲೇ ಹೀಟರ್ ಬಿಸಿ ಮಾಡುತ್ತದೆ. ಗುಂಡಿಯನ್ನು ಪೂರ್ತಿ ತಂಪಿಗೆ ಇಟ್ಟು, ಸ್ವಲ್ಪ ಓಡಿಸಿ ಬಂದು, ಎಂಜಿನ್ ಆರಿಸಿ, ಕ್ಯಾಬಿನ್ ಒಳಗೆ ಹೋಗುವ ಎರಡೂ ನೀರಿನ ಪೈಪುಗಳನ್ನು ಹುಷಾರಾಗಿ ಮುಟ್ಟಿ ನೋಡಿ. ಟ್ಯಾಪ್ ಇರುವ ಗಾಡಿಯಲ್ಲಿ ಎರಡೂ ಸುಡುತ್ತಿದ್ದರೆ ಟ್ಯಾಪ್ ಮುಚ್ಚುತ್ತಿಲ್ಲ. ಬೇಸಿಗೆ ಮುಗಿಯುವ ತನಕ ಹೀಟರ್ ಪೈಪನ್ನು ಎಂಜಿನ್ ಕಡೆಯೇ ಸುತ್ತಿಸಿ ಬಿಡಬಹುದು. ಬೀದರ್ ಕಡೆ ಚಳಿಗಾಲದ ಬೆಳಗಿನಲ್ಲಿ ಗಾಜಿನ ಮಂಜು ಒರೆಸಲು ಹೀಟರ್ ಬೇಕಾಗುತ್ತದೆ, ಅಲ್ಲಿಯವರು ಟ್ಯಾಪನ್ನೇ ರಿಪೇರಿ ಮಾಡಿಸುವುದು ಒಳ್ಳೆಯದು.

ಗೇರ್ ಲಿವರ್ ಬುಡದ ರಬ್ಬರ್ ಹರಿದಿದೆಯಾ ನೋಡಿ. ಅಲ್ಲಿಂದ ಎಂಜಿನ್ ಝಳ ನೇರ ಮೇಲಕ್ಕೆ ಬರುತ್ತದೆ. ಬಾಗಿಲಿನ ರಬ್ಬರ್ ಗಟ್ಟಿಯಾಗಿ ಸೀಳಿದ್ದರೂ ಅಷ್ಟೇ. ಎಡಗಡೆ ಕಾಲಿನ ಕೆಳಗೆ ನೀರು ನಿಲ್ಲುತ್ತಿದ್ದರೆ ಕಾಯಿಲ್‌ನ ನೀರು ಹೋಗುವ ಪೈಪ್ ಮಣ್ಣಿನಿಂದ ಕಟ್ಟಿದೆ. ಗಾಡಿ ಕೆಳಗಿನಿಂದ ಪೈಪಿನ ತುದಿ ಹಿಚುಕಿ ಮಣ್ಣು ಬಿಡಿಸಿದರೆ ನೀರೂ ಹೋಗುತ್ತದೆ, ಮುಗ್ಗಲು ವಾಸನೆಯೂ ಕಡಿಮೆಯಾಗುತ್ತದೆ.

ಬಿಸಿಲಿಗೆ ನಿಂತ ಗಾಡಿ ಹತ್ತಿದ ಕೂಡಲೇ ಕಿಟಕಿ ಮುಚ್ಚಿ ಎಸಿ ಹಾಕಬೇಡಿ. ಎರಡೂ ಬದಿ ಕಿಟಕಿ ಇಳಿಸಿ ಎರಡು ನಿಮಿಷ ಓಡಿಸಿ, ಕಾದ ಗಾಳಿ ಹೊರಗೆ ಹೋಗಲಿ. ಆಮೇಲೆ ಮುಚ್ಚಿ.

ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಎಣ್ಣೆ ಹರಿದಾಡಿ ಕಂಪ್ರೆಸರ್ ಸೀಲ್ ಒಣಗದೆ ಇರುತ್ತದೆ. ನಾನು ತೊಗರಿ ರಾಶಿ ಮುಗಿದ ಮೇಲೆ, ಫೆಬ್ರುವರಿ ಕೊನೆಗೆ ಕಂಡೆನ್ಸರ್ ತೊಳೆಯುತ್ತೇನೆ, ಆ ಎರಡು ವಾಲ್ವ್‌ಗಳ ಮುಚ್ಚಳ ಬಿಗಿಯಾಗಿವೆಯಾ ಅಂತ ಬೆರಳು ಹಚ್ಚಿ ನೋಡುತ್ತೇನೆ. ಕೊನೆಯ ಸಲ ಗ್ಯಾಸ್ ತುಂಬಿಸಿದ ತಾರೀಖು, ಎಷ್ಟು ಗ್ರಾಂ, ಎಷ್ಟು ಎಣ್ಣೆ, ಎಲ್ಲ ಬರೆದ ಚೀಟಿ ಆರ್‌ಸಿ ಜೊತೆ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿದೆ.